ಕೆರೆ ಹುಡುಕಿದರೆ ಕಾರ್ಕಳ ಬರುವುದೇಕೆ? ಎಸ್‌ಕ್ಯೂಲೈಟ್ ಕನ್ನಡ ಹುಡುಕಾಟದ ದೋಷ ನಿವಾರಣೆ

ತಾಲ್ಲೂಕು ಕೇಂದ್ರವೊಂದರ ಸಣ್ಣ ಗ್ರಂಥಾಲಯಕ್ಕೆ ಪುಸ್ತಕಪಟ್ಟಿಯ ತಂತ್ರಾಂಶ ಬರೆದುಕೊಟ್ಟಿದ್ದೆ. ಡೇಟಾಬೇಸ್ ಎಸ್‌ಕ್ಯೂಲೈಟ್, ಹುಡುಕಾಟಕ್ಕೆ ಅದರ ಜೊತೆಗೇ ಬರುವ, ಪಠ್ಯದೊಳಗಿನ ಪದಗಳನ್ನು ಹುಡುಕಿಕೊಡುವ ಸೌಲಭ್ಯ ಎಫ್‌ಟಿಎಸ್5. ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಗ್ರಂಥಪಾಲಕರು ಫೋನ್ ಮಾಡಿದರು: "ಸರ್, ಕೆರೆ ಎಂದು ಕೇಳಿದರೆ ಇದು ನನ್ನನ್ನು ಕಾರ್ಕಳಕ್ಕೆ ಕಳಿಸುತ್ತಿದೆ."

ಕಾರ್ಕಳದಲ್ಲಿ ಆನೆಕೆರೆ ಇದೆಯಲ್ಲ, ಪುಸ್ತಕದ ವಿವರಣೆಯಲ್ಲಿ ಆ ಮಾತು ಬಂದಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಅವರು ಬಿಡಲಿಲ್ಲ. ಸರ್ಕಾರಿ ಶಾಲೆಗಳ ವರದಿ, ದಲಿತ ಕೇರಿಯ ಕಥನ, ಕೊರಿಯಾ ಯುದ್ಧದ ಇತಿಹಾಸ, ಅರಣ್ಯಾಧಿಕಾರಿಯೊಬ್ಬರ ನೆನಪುಗಳು ಎಂದು ಒಂದೊಂದಾಗಿ ಓದಿದರು. ಇವೆಲ್ಲ ಕೆರೆಗೆ ಬಂದವು. ಇನ್ನೊಂದು ದೂರೂ ಇತ್ತು: ಮರ ಎಂದು ಹುಡುಕಿದರೆ ಮರಿ, ಮರು ಎಂಬ ಪದಗಳಿರುವ ಪುಸ್ತಕಗಳು ಬರುತ್ತವೆ, ಆದರೆ ಮರದ, ಮರಗಳು ಎಂದಿರುವವು ಬರುವುದಿಲ್ಲ.

ಇಂಥ ದೋಷ ಎರಡು ತಿಂಗಳು ಅಡಗಿರಲು ಕಾರಣ ಸರಳ. ಬರಬೇಕಾದ ಕೆರೆಯ ಪುಸ್ತಕಗಳೂ ಪಟ್ಟಿಯಲ್ಲಿ ಇದ್ದೇ ಇದ್ದವು. ತನಗೆ ಬೇಕಾದದ್ದು ಸಿಕ್ಕ ಓದುಗ ಉಳಿದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲು ನಾನು ಮಾಡಿದ ತಪ್ಪು

ಕ್ರಮಾಂಕನ, ಅಂದರೆ ಯಾವ ಫಲಿತಾಂಶ ಮೇಲೆ ಯಾವುದು ಕೆಳಗೆ ಎಂಬ ಲೆಕ್ಕ, ಕೆಟ್ಟಿರಬೇಕೆಂದು ಭಾವಿಸಿ ಒಂದು ಸಂಜೆಯೆಲ್ಲ ಬಿಎಂ25 ಎಂಬ ಆ ಲೆಕ್ಕದ ಅಂಕಗಳ ತೂಕ ಬದಲಿಸುತ್ತ ಕುಳಿತೆ. ಶೀರ್ಷಿಕೆಗೆ ಹೆಚ್ಚು ತೂಕ, ವಿವರಣೆಗೆ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದರೆ ಆ ಸಂಜೆ ಪೂರ್ತಿ ವ್ಯರ್ಥವಾಗಲಿಲ್ಲ. ಅಂಕಗಳನ್ನು ತೆರೆಯ ಮೇಲೆ ಹಾಕಿಕೊಂಡು ನೋಡುವಾಗ ಒಂದು ವಿಚಿತ್ರ ಕಂಡಿತು. ಪ್ರಯೋಗಕ್ಕೆಂದು ಕೆರೆ ಎಂಬ ಒಂದೇ ಪದದ ಸಾಲನ್ನೂ ಕೇರಿ ಎಂಬ ಒಂದೇ ಪದದ ಸಾಲನ್ನೂ ಸೇರಿಸಿದ್ದೆ. ಎರಡಕ್ಕೂ ದಶಮಾಂಶದ ಕೊನೆಯ ಅಂಕಿಯವರೆಗೆ ಒಂದೇ ಅಂಕ. ಹತ್ತಿರದ ಅಂಕವಾಗಿದ್ದರೆ ಕ್ರಮಾಂಕನವನ್ನು ಶಂಕಿಸಬಹುದಿತ್ತು. ತೀರಾ ಒಂದೇ ಆದಾಗ ಅರ್ಥ ಬೇರೆ: ಇಂಡೆಕ್ಸಿನ (ಹುಡುಕಾಟಕ್ಕೆಂದು ಮೊದಲೇ ಮಾಡಿಟ್ಟ ಪದಸೂಚಿಯ) ಕಣ್ಣಿಗೆ ಈ ಎರಡು ಪದಗಳ ನಡುವೆ ವ್ಯತ್ಯಾಸವೇ ಇಲ್ಲ.

ಇಂಡೆಕ್ಸ್ ಏನನ್ನು ಪದವೆಂದುಕೊಂಡಿದೆ?

ಎಫ್‌ಟಿಎಸ್5 ಜೊತೆಗೆ ಎಫ್‌ಟಿಎಸ್5ವೊಕ್ಯಾಬ್ ಎಂಬ ವರ್ಚುವಲ್ ಟೇಬಲ್ ಬರುತ್ತದೆ. ಇಂಡೆಕ್ಸಿನ ಹೆಸರು ಕೊಟ್ಟು, 'ರೋ' ಬಗೆಯಲ್ಲಿ ಅದನ್ನು ರಚಿಸಿದರೆ ಇಂಡೆಕ್ಸಿನಲ್ಲಿರುವ ಪ್ರತಿಯೊಂದು ಟೋಕನ್ (ಇಂಡೆಕ್ಸ್ ಒಂದು ಪದವೆಂದು ಹಿಡಿದ ತುಂಡು), ಅದು ಎಷ್ಟು ಸಾಲುಗಳಲ್ಲಿದೆ, ಒಟ್ಟು ಎಷ್ಟು ಸಲ ಬಂದಿದೆ ಎಂಬುದನ್ನು ತೋರಿಸುತ್ತದೆ. ಹುಡುಕಾಟದ ಯಾವ ದೂರು ಬಂದರೂ ನಾನು ಈಗ ಮೊದಲು ತೆರೆಯುವುದು ಇದನ್ನೇ. ಇಡೀ ಪಟ್ಟಿಯ ಮೇಲೆ ನೋಡಬೇಡಿ, ಕಣ್ಣು ಕತ್ತಲೆ ಬರುತ್ತದೆ. ಎಂಟು ಸಾಲುಗಳ ಪ್ರಯೋಗದ ಟೇಬಲ್ ಸಾಕು. ಪ್ರತಿ ಸಾಲಿನಲ್ಲಿ ಒಂದೇ ಪದ ಇಟ್ಟಾಗ ನನಗೆ ಕಂಡದ್ದು ಇದು:

ಕೆರೆ: ಕ, ರ
ಕೆರೆಗಳು: ಕ, ರ, ಗಳ
ಕೇರಿ: ಕ, ರ
ಕಾರ್ಕಳ: ಕ, ರ, ಕಳ
ಸರ್ಕಾರಿ: ಸರ, ಕ, ರ
ಮರ: ಮರ
ಮರಿ: ಮರ
ಮರದ: ಮರದ

ಎಂಟು ಬೇರೆ ಬೇರೆ ಪದಗಳಿಗೆ ಏಳೇ ಟೋಕನ್. ಅದರಲ್ಲೂ ಕ ಮತ್ತು ರ ಐದೈದು ಸಾಲುಗಳಲ್ಲಿ.

ಕಾರಣ ಎಫ್‌ಟಿಎಸ್5ರ ಪೂರ್ವನಿಯೋಜಿತ ಟೋಕನೈಸರ್, ಅಂದರೆ ಪಠ್ಯವನ್ನು ಟೋಕನ್ನುಗಳಾಗಿ ಒಡೆಯುವ ಭಾಗ. ಅದರ ಹೆಸರು ಯುನಿಕೋಡ್61. ಯುನಿಕೋಡ್ ಪ್ರತಿ ಸಂಕೇತಕ್ಕೂ ಒಂದು ವರ್ಗ ಕೊಟ್ಟಿದೆ: ಅಕ್ಷರಗಳಿಗೆ ಎಲ್, ಅಂಕಿಗಳಿಗೆ ಎನ್, ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಗಳಿಗೆ ಎಂ. ಈ ಟೋಕನೈಸರ್ ಎಲ್, ಎನ್ ಮತ್ತು ಖಾಸಗಿ ಬಳಕೆಯ ಸಿಒ ವರ್ಗಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಉಳಿದದ್ದೆಲ್ಲ ಅದಕ್ಕೆ ಖಾಲಿ ಜಾಗವಿದ್ದ ಹಾಗೆ. ಕ ಗುಡಿಸು ಕಿ, ಕ ಕೊಂಬು ಕು ಎಂದು ಕಾಗುಣಿತ ಕಲಿತ ನಮಗೆ ಅವು ಅಕ್ಷರದ ಮೈಯೇ. ಯುನಿಕೋಡಿನಲ್ಲಿ ಗುಡಿಸು, ಕೊಂಬು, ಎತ್ವ, ಅನುಸ್ವಾರ, ಒತ್ತಕ್ಷರ ಕೂಡಿಸುವ ವಿರಾಮ ಎಲ್ಲವೂ ಎಂ ವರ್ಗಕ್ಕೆ ಸೇರಿದ ಪ್ರತ್ಯೇಕ ಸಂಕೇತಗಳು. ಕೆರೆ ಎಂಬುದು 3221, 3270, 3248, 3270 ಎಂಬ ನಾಲ್ಕು ಸಂಕೇತ. ಅದರಲ್ಲಿ 3270 ಎತ್ವ, ಎರಡೂ ಕಡೆ ಕತ್ತರಿ ಬಿದ್ದು ಕ, ರ ಉಳಿದವು. ಕನ್ನಡ ಎಂಬ ಪದವೇ ಕನ, ನಡ ಎಂದು ಸೀಳಿಹೋಗುತ್ತದೆ.

ಹಾಗಿದ್ದರೂ ಹುಡುಕಾಟ ಹೇಗೆ ನಡೆಯುತ್ತಿತ್ತು? ಹುಡುಕುವ ಪದವೂ ಅದೇ ಟೋಕನೈಸರ್ ಮೂಲಕ ಹೋಗುತ್ತದೆ. ಒಂದು ಪದ ಒಡೆದು ಹಲವು ಟೋಕನ್ ಆದರೆ ಎಫ್‌ಟಿಎಸ್5 ಅದನ್ನು ಪದಗುಚ್ಛವೆಂದು ಪರಿಗಣಿಸಿ, ಅವು ಅದೇ ಕ್ರಮದಲ್ಲಿ ಪಕ್ಕಪಕ್ಕದಲ್ಲಿ ಇರುವ ಸಾಲುಗಳನ್ನು ಕೊಡುತ್ತದೆ. ಕ ಆದ ಕೂಡಲೇ ರ. ಹಾಗಾಗಿ ಕೆರೆ ಸಿಗುತ್ತದೆ, ಕೇರಿ ಸಿಗುತ್ತದೆ, ಕಾರ್ಕಳದ ಮೊದಲೆರಡು ತುಂಡೂ ಸರ್ಕಾರಿಯ ಕೊನೆಯ ಎರಡು ತುಂಡೂ ಸಿಗುತ್ತವೆ.

ರಿಪೇರಿ

ಟೋಕನೈಸರಿಗೆ 'ಕೆಟಗರೀಸ್' ಎಂಬ ಆಯ್ಕೆ ಇದೆ. ಅದರಲ್ಲಿ ಎಲ್*, ಎನ್*, ಸಿಒ ಜೊತೆಗೆ ಎಂಎನ್, ಎಂಸಿ ಎರಡನ್ನೂ ಸೇರಿಸಬೇಕು. ಕನ್ನಡದ ಚಿಹ್ನೆಗಳು ಈ ಎರಡು ಉಪವರ್ಗಗಳಲ್ಲಿ ಹಂಚಿಹೋಗಿವೆ. ಗುಡಿಸು ಎಂಎನ್, ಕೊಂಬು ಎಂಸಿ. ಒಂದನ್ನು ಬಿಟ್ಟರೆ ಅರ್ಧ ಪದಗಳು ಸರಿಯಾಗಿ ಅರ್ಧ ಪದಗಳು ಸೀಳಿಯೇ ಇರುತ್ತವೆ, ಅದು ಮೊದಲಿನದಕ್ಕಿಂತ ಕೆಟ್ಟ ಸ್ಥಿತಿ. ಎರಡು ಎಚ್ಚರಿಕೆ. ನೀವು ಕೊಡುವ ಪಟ್ಟಿ ಹಳೆಯದಕ್ಕೆ ಸೇರುವುದಿಲ್ಲ, ಹಳೆಯದರ ಜಾಗದಲ್ಲಿ ಕೂರುತ್ತದೆ. ಎಂ ವರ್ಗವೊಂದನ್ನೇ ಬರೆದರೆ ವ್ಯಂಜನಗಳೆಲ್ಲ ಮಾಯವಾಗಿ ಬರೀ ಕೊಂಬು, ಗುಡಿಸುಗಳ ಇಂಡೆಕ್ಸ್ ತಯಾರಾಗುತ್ತದೆ. ಇನ್ನೊಂದು, ಟೋಕನೈಸರ್ ವಾಕ್ಯಕ್ಕೆ ಹೊರಗೆ ಜೋಡಿ ಉದ್ಧರಣ ಚಿಹ್ನೆ, ವರ್ಗಗಳ ಪಟ್ಟಿಗೆ ಒಳಗೆ ಒಂಟಿ ಚಿಹ್ನೆ ಬೇಕು.

ಇರುವ ಟೇಬಲಿನ ಟೋಕನೈಸರನ್ನು ಬದಲಿಸಲು ಬರುವುದಿಲ್ಲ. ಎಫ್‌ಟಿಎಸ್ ಟೇಬಲನ್ನು ಅಳಿಸಿ ಹೊಸದಾಗಿ ರಚಿಸಿ, 'ರಿಬಿಲ್ಡ್' ಆಜ್ಞೆ ಕೊಡಬೇಕು. ಮೂಲ ಪುಸ್ತಕಗಳ ಟೇಬಲ್ ಬೇರೆಯಾಗಿದ್ದರೆ ನಷ್ಟವೇನೂ ಇಲ್ಲ. ಆಮೇಲೆ ಮತ್ತೆ ವೊಕ್ಯಾಬ್ ತೆರೆದು ನೋಡಿ: ಎಂಟು ಪದಕ್ಕೆ ಎಂಟು ಟೋಕನ್, ತಲೆ ಬಾಲ ಸಮೇತ.

ಈ ತೊಂದರೆ ಎಲ್ಲ ಡೇಟಾಬೇಸಿನದೂ ಅಲ್ಲ. ಪೋಸ್ಟ್‌ಗ್ರೆಸ್‌ನ ಪದವಿಭಜಕ ಕನ್ನಡದ ಚಿಹ್ನೆಗಳ ಬಳಿ ಪದವನ್ನು ಮುರಿಯುವುದಿಲ್ಲ. ಅಲ್ಲಿನ ಕೊರತೆ ಬೇರೆ: ತಮಿಳು, ಹಿಂದಿ, ನೇಪಾಳಿಗೆ ಪದಮೂಲ ಕಂಡುಹಿಡಿಯುವ ಸ್ಟೆಮರ್ ಜೊತೆಗೇ ಬರುತ್ತದೆ, ಕನ್ನಡಕ್ಕೆ ಇಲ್ಲ. ಮುಂದೆ ಹೇಳುವ ವಿಭಕ್ತಿಯ ಕಥೆ ಅಲ್ಲಿಗೂ ಅನ್ವಯಿಸುತ್ತದೆ.

ರಿಪೇರಿಯ ಮರುದಿನ: "ಮೊದಲೇ ಚೆನ್ನಾಗಿತ್ತು"

ಹೊಸ ಇಂಡೆಕ್ಸ್ ಹಾಕಿದ ಮರುದಿನವೇ ಮತ್ತೆ ಫೋನ್. ಕಾರ್ಕಳ ಹೋಯಿತು, ಸರಿ. ಆದರೆ ಕೆರೆಗಳು, ಕೆರೆಯ, ಕೆರೆಗೆ ಎಂದಿರುವ ಪುಸ್ತಕಗಳೂ ಹೋದವು. ಊರು ಎಂದರೆ ಊರಿನ, ಊರಿಗೆ ಯಾವುದೂ ಇಲ್ಲ.

ಮೇಲಿನ ಎಂಟು ಸಾಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕೆರೆಗಳು ಒಡೆದು ಕ, ರ, ಗಳ ಆಗಿತ್ತು. ಕೆರೆಯನ್ನು ಹುಡುಕಿದಾಗ ಮೊದಲೆರಡು ತುಂಡು ಹೊಂದಿ ಅದು ತಾನಾಗಿ ಸಿಗುತ್ತಿತ್ತು. ಊರು ಎಂಬುದು ಊರ ಎಂಬ ಟೋಕನ್, ಊರಿನ ಎಂಬುದು ಊರ, ನ. ವಿಭಕ್ತಿ ಪ್ರತ್ಯಯ ಕಳಚುವ ಕೆಲಸವನ್ನು ರೋಗವೇ ಮಾಡಿಕೊಡುತ್ತಿತ್ತು, ನಾವು ಅದನ್ನು ಸೌಲಭ್ಯವೆಂದುಕೊಂಡಿದ್ದೆವು. ಮರದಲ್ಲಿ ಮಾತ್ರ ಗುಟ್ಟು ರಟ್ಟಾಗಿತ್ತು. ಮರದ ಎಂಬ ಪದದಲ್ಲಿ ಕತ್ತರಿಸಲು ಒಂದೂ ಚಿಹ್ನೆ ಇಲ್ಲವಾದ್ದರಿಂದ ಅದು ಇಡಿಯಾಗಿ ಉಳಿದು, ಮರಕ್ಕೆ ಹೊಂದದೆ ಹೋಗಿತ್ತು.

ಆದ್ದರಿಂದ ವರ್ಗಗಳನ್ನು ಸರಿಪಡಿಸಿದ ದಿನವೇ ವಿಭಕ್ತಿಯ ವ್ಯವಸ್ಥೆಯನ್ನೂ ಸೇರಿಸಿ ಕೊಡಿ. ಒಂದನ್ನು ಮಾಡಿ ಇನ್ನೊಂದನ್ನು ಮುಂದಿನ ವಾರಕ್ಕೆ ಇಟ್ಟರೆ ಬೈಗುಳ ಖಚಿತ.

ಶಾಲೆಯ ಸಂಧಿ ಪ್ರಕರಣ ಇಲ್ಲಿ ಕೆಲಸಕ್ಕೆ ಬಂತು. ಮೊದಲ ಉಪಾಯ ಪದದ ಕೊನೆಗೆ ನಕ್ಷತ್ರ (*) ಹಾಕಿ, ಆ ಪದದಿಂದ ಶುರುವಾಗುವ ಎಲ್ಲವನ್ನೂ ಕೇಳುವುದು. ಆಗಮ ಸಂಧಿಯಾಗುವ ಪದಗಳಿಗೆ ಇದು ಸಾಕು: ಕೆರೆ, ಕೆರೆಯನ್ನು, ಕೆರೆಗಳಲ್ಲಿ ಎಲ್ಲವೂ ಕೆರೆಯಿಂದಲೇ ಶುರು. ಕಸವಾಗಿ ಬರುವುದು ಕೆರೆತ ಒಂದೇ; ಗ್ರಂಥಾಲಯದ ವೈದ್ಯಕೀಯ ವಿಭಾಗ ಚಿಕ್ಕದು, ನಾನು ಸಹಿಸಿಕೊಂಡೆ. ನಕ್ಷತ್ರ ಉದ್ಧರಣ ಚಿಹ್ನೆಯ ಹೊರಗಿರಬೇಕು. ಒಳಗಿಟ್ಟರೆ ಟೋಕನೈಸರ್ ಅದನ್ನು ಸದ್ದಿಲ್ಲದೆ ನುಂಗುತ್ತದೆ, ತಪ್ಪೆಂದು ಹೇಳುವುದೂ ಇಲ್ಲ.

ಲೋಪ ಸಂಧಿಯಲ್ಲಿ ಈ ಉಪಾಯ ಕೈಕೊಡುತ್ತದೆ. ಊರು ಎಂಬುದರ ಕೊನೆಯ ಕೊಂಬು ಊರಿನ, ಊರಲ್ಲಿ, ಊರೊಳಗೆ ಎನ್ನುವಾಗ ಬಿದ್ದುಹೋಗುತ್ತದೆ. ಕೊಂಬನ್ನು ಕಿತ್ತು ಊರ* ಎಂದು ಕೇಳಿದರೆ ಎಲ್ಲವೂ ಬರುತ್ತವೆ, ಜೊತೆಗೆ ಊರ್ವಶಿ, ಊರ್ಮಿಳೆಯರೂ ಬರುತ್ತಾರೆ. ಓದುವಾಗ ಅರ್ಕಾವೊತ್ತು ಎಲ್ಲೋ ಕೊನೆಯಲ್ಲಿ ಕಂಡರೂ ಸಂಕೇತಗಳ ಸಾಲಿನಲ್ಲಿ ಊ, ರ, ಆಮೇಲೆ ವಿರಾಮ. ಮೊದಲ ಎರಡು ಹೊಂದಿದರೆ ಯಂತ್ರಕ್ಕೆ ಅಷ್ಟೇ ಸಾಕು. ನಾನು ಮಾಡಿದ್ದು: ಪದ ಕೊಂಬಿನಲ್ಲಿ ಕೊನೆಯಾದರೆ ಊರು*, ಊರಿ*, ಊರಲ್ಲಿ*, ಊರನ್ನ*, ಊರೊಳ* ಎಂಬವುಗಳನ್ನು 'ಅಥವಾ' (OR) ಎಂಬುದರಿಂದ ಜೋಡಿಸಿ ಕೇಳುವುದು.

ಅಕಾರದಲ್ಲಿ ಕೊನೆಯಾಗುವ ಪದಗಳಿಗೆ ಬೇರೆ ಪಟ್ಟಿ. ಮರ* ಎಂದರೆ ಮರಿ, ಮರಳು, ಮರಾಠಿ ಎಲ್ಲ ಬಂದು ಬೀಳುತ್ತವೆ. ಅದಕ್ಕೆ ಬದಲು ಮರ ಎಂಬುದು ಇದ್ದ ಹಾಗೇ, ಜೊತೆಗೆ ಮರದ*, ಮರಕ್ಕ*, ಮರಗಳ*, ಮರವು, ಮರವನ್ನ*. ಸೋಮಾರಿತನದಿಂದ ಮರವ* ಎಂದು ಬರೆದಿದ್ದೆ, ಮರವೆಯ ಮೇಲಿನ ಪುಸ್ತಕ ಬಂತು. ಹುಡುಗ, ಲೇಖಕ ಮೊದಲಾದ ಮನುಷ್ಯವಾಚಕಗಳಿಗೆ ನ* ಮತ್ತು ರ* ಕೂಡ ಬೇಕು. ಕಾಡು ಎಂದು ಕೇಳಿದವರಿಗೆ ಕಣ್ಣಿಗೆ ಹಚ್ಚುವ ಕಾಡಿಗೆಯ ವಿಷಯ ಬಂದರೆ ಅದಕ್ಕೆ ಮದ್ದಿಲ್ಲ. ಕಾಡಿಗೆ ಹೋದ ಎಂಬಲ್ಲಿಯೂ ಅದೇ ಅಕ್ಷರಗಳು, ಅದೇ ಕ್ರಮ.

ಈಗಲೂ ಕೆಲವು ಪುಸ್ತಕ ಸಿಗದಿದ್ದರೆ

ದೋಷ ಹುಡುಕಾಟದಲ್ಲಿ ಇಲ್ಲ, ಮಾಹಿತಿಯಲ್ಲಿದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದ ಒಳಗೆ ಬೇರೆ ಇರಬಹುದು. ಮೊದಲ ಪರೀಕ್ಷೆ ಉದ್ದ ಅಳೆಯುವುದು: ಎಸ್‌ಕ್ಯೂಲೈಟಿನ ಲೆಂತ್ ಫಂಕ್ಷನ್ ಸಂಕೇತಗಳನ್ನು ಎಣಿಸುತ್ತದೆ. ಕೋಲಾರ ಎಂಬುದಕ್ಕೆ 5 ಬರಬೇಕು. ಕೆಲವು ಸಾಲುಗಳಲ್ಲಿ 7 ಬಂತು. ಹಳೆಯ ಪರಿವರ್ತಕವೊಂದು ಓತ್ವವನ್ನು ಒಂದೇ ಸಂಕೇತ 3275 ಎಂದು ಬರೆಯದೆ ಎತ್ವ 3270, ಕೊಂಬಿನ ದೀರ್ಘ 3266, ದೀರ್ಘಚಿಹ್ನೆ 3285 ಎಂದು ಮೂರು ತುಂಡಾಗಿ ಬರೆದಿತ್ತು. ತೆರೆಯ ಮೇಲೆ ಎರಡೂ ಒಂದೇ. ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಮೂರೂ ಕೂಡಿ ಒಂದಾಗುತ್ತವೆ. ಎಸ್‌ಕ್ಯೂಲೈಟಿನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇಲ್ಲ. ಪೈಥಾನಿನ ಯುನಿಕೋಡ್‌ಡೇಟಾ ಬಳಸಿ ಹೊರಗೇ ಮಾಡಿಕೊಂಡೆ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ನಾರ್ಮಲೈಸ್ ಫಂಕ್ಷನ್ ಒಳಗೇ ಇದೆ.

ಉದ್ದ ಸರಿಯಾಗಿದ್ದೂ ಹೊಂದದಿದ್ದರೆ ಸಂಕೇತಗಳನ್ನು ಒಂದೊಂದಾಗಿ ನೋಡಬೇಕು. ಬೆಂಗಳೂರು ಎರಡು ಕಡೆ 8 ಎಂದೇ ಬಂತು. ಮೂರನೆಯ ಸಂಕೇತ ಮಾತ್ರ ಒಂದು ಕಡೆ 3202, ಇನ್ನೊಂದು ಕಡೆ 3302. ಸರಿಯಾಗಿ ನೂರರ ಅಂತರ. ಮೊದಲನೆಯದು ಅನುಸ್ವಾರ, ಎರಡನೆಯದು ಕನ್ನಡ ಸೊನ್ನೆ. ದುಂಡಗಿರುವುದನ್ನೆಲ್ಲ ಸೊನ್ನೆಯೆಂದು ಒತ್ತಿದ ಬೆರಳಚ್ಚುಗಾರರು ಒಬ್ಬರಲ್ಲ. ಕನ್ನಡ ಅಕ್ಷರ ಅಥವಾ ಚಿಹ್ನೆ ಆದ ಕೂಡಲೇ ಬಂದ ಸೊನ್ನೆಯನ್ನು ಅನುಸ್ವಾರ ಮಾಡಿ, ಅಂಕಿಗಳ ನಡುವಿನದನ್ನು ಮುಟ್ಟಬೇಡಿ. ಇದನ್ನು ಮುಗಿಸಿದ ಮೇಲೆಯೇ ೧೯೫೬ ಇರುವಲ್ಲಿ 1956 ಮಾಡುವ ಅಂಕಿ ಪರಿವರ್ತನೆ. ಹಿಂದುಮುಂದು ಮಾಡಿದರೆ ಬೆಂಗಳೂರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಸೊನ್ನೆ ಕೂರುತ್ತದೆ.

ಸಾಫ್ಟ್‌ವೇರ್ ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಸಂಕೇತ 8204 ಇರುತ್ತದೆ. ರ್‍ಯಾಂಕ್ ಬರೆಯುವಾಗ 8205. ಇವು ಎಲ್ ಅಲ್ಲ, ಎಂ ಅಲ್ಲ, ಸಿಎಫ್ ವರ್ಗದವು. ಹಾಗಾಗಿ ವರ್ಗ ಸರಿಪಡಿಸಿದ ಮೇಲೂ ಸಾಫ್ಟ್ ಒಂದು ಟೋಕನ್, ವೇರ್ ಇನ್ನೊಂದು. ಅದೇ ಸಂಕೇತವಿಲ್ಲದೆ ಟೈಪಿಸಿದವರ ಪದ ಇಡಿಯಾಗಿ ಉಳಿದು, ಎರಡೂ ಒಂದನ್ನೊಂದು ಮುಖ ನೋಡುವುದಿಲ್ಲ. ಸಿಎಫ್ ವರ್ಗವನ್ನೂ ಸೇರಿಸುವುದು ಪರಿಹಾರವಲ್ಲ, ಆಗಲೂ ಎರಡು ಬೇರೆಯೇ. ರಿಪ್ಲೇಸ್ ಫಂಕ್ಷನ್ ಬಳಸಿ ಎರಡು ಸಂಕೇತಗಳನ್ನೂ ಕಿತ್ತುಹಾಕಬೇಕು.

ಆದರೆ ಮೂಲ ಶೀರ್ಷಿಕೆಯಲ್ಲಿ ಕೀಳಬೇಡಿ, ತೆರೆಯ ಮೇಲೆ ಅಸಹ್ಯವಾಗಿ ಕಾಣುತ್ತದೆ. ಪುಸ್ತಕಗಳ ಟೇಬಲಿನಲ್ಲಿ ಶೋಧಪಠ್ಯ ಎಂಬ ಇನ್ನೊಂದು ಕಾಲಂ ಇಟ್ಟು, ಶುದ್ಧ ಮಾಡಿದ ರೂಪವನ್ನು ಅಲ್ಲಿ ಬರೆದು, ಅದನ್ನೇ ಇಂಡೆಕ್ಸ್ ಮಾಡಿ. ಓದುಗರು ಟೈಪಿಸಿದ ಪದವನ್ನೂ ಅದೇ ಫಂಕ್ಷನ್ ಮೂಲಕ ಹಾಯಿಸಿ. ಒಂದು ಕಡೆ ಮಾತ್ರ ಶುದ್ಧ ಮಾಡುವುದು ಮಾಡದೇ ಇರುವುದಕ್ಕಿಂತ ಕಡೆ.

ಕೊನೆಗೂ ಒಂದಷ್ಟು ಸಾಲುಗಳು ಯಾವುದಕ್ಕೂ ಬಗ್ಗಲಿಲ್ಲ. ಅವುಗಳ ಮೊದಲ ಸಂಕೇತ ಕನ್ನಡದ ವ್ಯಾಪ್ತಿಯಾದ 3200ರಿಂದ 3327ರ ಒಳಗೇ ಇರಲಿಲ್ಲ. ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿ ಅದು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ, ಬೇರೆಡೆ ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಈ ಸಾಲುಗಳನ್ನು ಮೊದಲು ಪರಿವರ್ತಿಸಿ, ಆಮೇಲೆ ಮೇಲಿನ ಶುದ್ಧೀಕರಣ ಎಲ್ಲ.

ಇನ್ನೆರಡು ಸಣ್ಣ ದೂರು

ಲೇಖಕರ ಇನಿಷಿಯಲ್ ಹಾಕಿದ ಕೂಡಲೇ ಹುಡುಕಾಟ ದೋಷಸಂದೇಶ ಕೊಟ್ಟು ನಿಲ್ಲುತ್ತದೆ ಎಂಬುದು ಒಂದು. ಕೆ.ವಿ. ಎಂಬಲ್ಲಿನ ಚುಕ್ಕಿ ಎಫ್‌ಟಿಎಸ್5ರ ಪ್ರಶ್ನೆ ವ್ಯಾಕರಣಕ್ಕೆ ಹೊಂದುವುದಿಲ್ಲ. ಓದುಗರು ಟೈಪಿಸಿದ ಪ್ರತಿ ಪದವನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಿ, ಒಳಗೇ ಅಂಥ ಚಿಹ್ನೆ ಇದ್ದರೆ ಅದನ್ನು ಎರಡು ಸಲ ಬರೆಯಿರಿ. ಕನ್ನಡದಲ್ಲಿ ಇನಿಷಿಯಲ್ ಇಲ್ಲದ ಲೇಖಕರು ಎಷ್ಟು ಜನ? ಪರೀಕ್ಷೆ ಮಾಡುವಾಗ ಇದು ನನಗೆ ಹೊಳೆಯದೇ ಹೋದದ್ದು ನಾಚಿಕೆಗೇಡು.

ತಿದ್ದಿದ ಶೀರ್ಷಿಕೆ ಹಳೆಯ ಪದಕ್ಕೆ ಇನ್ನೂ ಬರುತ್ತದೆ ಎಂಬುದು ಇನ್ನೊಂದು. ಇಂಡೆಕ್ಸ್ ಮತ್ತು ಮೂಲ ಟೇಬಲ್ ಬೇರೆ ಬೇರೆ ಇದ್ದಾಗ ಎರಡನ್ನೂ ಹೊಂದಿಸಿಡುವುದು ನಿಮ್ಮ ಟ್ರಿಗರುಗಳ (ಟೇಬಲ್ ಬದಲಾದಾಗ ತಾನಾಗಿ ಓಡುವ ಆಜ್ಞೆಗಳ) ಹೊಣೆ. ತಿದ್ದುಪಡಿಯ ಟ್ರಿಗರ್ ಮೊದಲು ಹಳೆಯ ಮೌಲ್ಯವನ್ನೇ ಕೊಟ್ಟು 'ಡಿಲೀಟ್' ಮಾಡಿಸಿ, ಆಮೇಲೆ ಹೊಸದನ್ನು ಸೇರಿಸಬೇಕು. ನಾನು ಎರಡೂ ಕಡೆ ಹೊಸ ಮೌಲ್ಯ ಕೊಟ್ಟಿದ್ದೆ. ಅನುಮಾನ ಬಂದರೆ 'ಇಂಟೆಗ್ರಿಟಿ-ಚೆಕ್' ಆಜ್ಞೆಯನ್ನು ರ್‍ಯಾಂಕ್ ಕಾಲಂನಲ್ಲಿ 1 ಇಟ್ಟು ಓಡಿಸಿ. ಆಗ ಅದು ಮೂಲ ಟೇಬಲಿನೊಂದಿಗೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಟ್ರಿಗರ್ ಸರಿಪಡಿಸಿ ರಿಬಿಲ್ಡ್ ಮಾಡಿ.

ಟ್ರೈಗ್ರ್ಯಾಮ್ ಬಳಸಿದರೆ ಇಷ್ಟೆಲ್ಲ ಬೇಡವಲ್ಲ?

ಕೇಳುವವರು ಕೇಳಿಯೇ ಕೇಳುತ್ತಾರೆ. 2020ರ ಡಿಸೆಂಬರಿನ 3.34.0 ಆವೃತ್ತಿಯಿಂದ ಈ ಟೋಕನೈಸರ್ ಇದೆ. ಪಠ್ಯವನ್ನು ಮೂರು ಮೂರು ಸಂಕೇತಗಳ ತುಣುಕಾಗಿ ಇಂಡೆಕ್ಸ್ ಮಾಡುತ್ತದೆ, ಪದದ ನಡುವೆ ಇರುವುದನ್ನೂ ಹುಡುಕುತ್ತದೆ, ಕನ್ನಡದ ಚಿಹ್ನೆಗಳಿಗೆ ಕತ್ತರಿ ಹಾಕುವುದಿಲ್ಲ. ಆದರೆ ಮೂರು ಸಂಕೇತಕ್ಕಿಂತ ಚಿಕ್ಕ ಪದ ಕೊಟ್ಟರೆ ಬರಿಗೈ. ಮರ, ಜನ, ಹಣ ಮೂರೂ ಎರಡೆರಡು ಸಂಕೇತದ ಪದಗಳು. ಮರವನ್ನೂ ಜನವನ್ನೂ ಹುಡುಕಲಾರದ ಗ್ರಂಥಾಲಯವನ್ನು ನಾನು ಯಾರ ಕೈಗೂ ಕೊಡಲಾರೆ.

ಊರಿನ ಹೆಸರುಗಳ ಕಾಲಂಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಅಲ್ಲಿ ಕೆರೆ ಎಂದರೆ ಅರಸೀಕೆರೆ, ಚಳ್ಳಕೆರೆ, ತುರುವೇಕೆರೆ ಎಲ್ಲ ಬರುತ್ತವೆ. ದಾವಣಗೆರೆ, ಕೊರಟಗೆರೆ ಬರುವುದಿಲ್ಲ, ಕಕಾರ ಗಕಾರವಾಗಿದೆ. ಅದಕ್ಕೂ ಒಂದು ನಿಯಮ ಬರೆಯಲೇ ಎಂದು ಗ್ರಂಥಪಾಲಕರನ್ನು ಕೇಳಿದೆ. "ದಾವಣಗೆರೆ ಬೇಕಾದವರು ದಾವಣಗೆರೆ ಎಂದೇ ಹೊಡೆಯುತ್ತಾರೆ, ಬಿಡಿ ಸರ್" ಎಂದರು. ಬಿಟ್ಟೆ.